ಹಲ್ಲುಮೇಸ್ತ್ರಿ ಮತ್ತು ಹಿಂದಚ್ಚಿನ ಗೋಳು

ಹಲ್ಲುಮೇಸ್ತ್ರಿಗೆ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಉಳಿದಿತ್ತು. ಆದರೂ ಗಾಡಿಯ ಒಳಗಿನ ಸದ್ದು ಎಲ್ಲಿಂದ ಹುಟ್ಟುತ್ತಿದೆ ಅಂತ ಬೆರಳಿಟ್ಟು ತೋರಿಸುವುದರಲ್ಲಿ ಆ ಬೀದಿಯ ಎರಡು ಕಿವಿಯವರು ಯಾರೂ ಅವನ ಹತ್ತಿರ ಸುಳಿಯುವ ಹಾಗಿರಲಿಲ್ಲ. ಅವನು ಕೇಳುತ್ತಿದ್ದದ್ದು ಹಲ್ಲಿನಲ್ಲಿ. ದೊಡ್ಡ ಸುತ್ತಿಗೆಯ ಮುರಿದ ಹಿಡಿಯೊಂದು ಅವನ ಹತ್ತಿರ ಇತ್ತು, ಒಂದೂವರೆ ಮೊಳ ಉದ್ದ, ಎಣ್ಣೆ ಕುಡಿದು ಕುಡಿದು ಕಪ್ಪಾದದ್ದು. ಅದರ ಒಂದು ತುದಿಯನ್ನು ಓಡುತ್ತಿರುವ ಯಂತ್ರಕ್ಕೆ ಆನಿಸಿ, ಇನ್ನೊಂದು ತುದಿಯನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಿದ್ದ. ಸದ್ದು ಕೋಲು ಹತ್ತಿ, ಹಲ್ಲು ಹತ್ತಿ, ದವಡೆ ಹತ್ತಿ ಬುರುಡೆಯೊಳಗೆ ಇಳಿಯುತ್ತಿತ್ತು. ನೋಡಿದವರು ನಾಯಿ ಎಲುಬು ಕಚ್ಚಿದ ಹಾಗಿದೆ ಅಂತ ನಗುತ್ತಿದ್ದರು. ಹೆಂಡತಿಯೋ, ನನ್ನ ಮಾತು ಕೇಳಬೇಕಾದಾಗಲೂ ಆ ಕೋಲನ್ನು ಒಂದು ಸಲ ನನ್ನ ನೆತ್ತಿಗೆ ಆನಿಸಿ ಕಚ್ಚಿ ಅಂತ ಚುಚ್ಚುತ್ತಿದ್ದಳು.

ಕಿವಿ ಹುಟ್ಟುತ್ತಾ ಹೋದದ್ದಲ್ಲ. ಅಣ್ಣ ಹೊಡೆದದ್ದು.

ಅವರ ಅಪ್ಪನೂ ಮೇಸ್ತ್ರಿಯೇ. ಹೊಡೆದು ಕಲಿಸುವ ಜಾತಿಯ ಮೇಸ್ತ್ರಿ. ನಟ್ಟು ಓರೆಯಾಗಿ ಕೂತರೆ ಬೆನ್ನ ಮೇಲೆ ಸ್ಪ್ಯಾನರು, ಬೇರಿಂಗಿಗೆ ಮಣ್ಣು ತಾಗಿದರೆ ಕೆನ್ನೆಯ ಮೇಲೆ ಅಂಗೈ. ಆದರೆ ಮಕ್ಕಳ ಗುಣ ಅಳೆದಿದ್ದ. ದೊಡ್ಡವನ ಹೆಬ್ಬೆರಳಿಗೆ ಕೂದಲೆಳೆಯಷ್ಟು ಸಂದೂ ಗೊತ್ತಾಗುತ್ತಿತ್ತು. ಚಿಕ್ಕವನಿಗೆ ಬೀದಿಯ ಕೊನೆಯಲ್ಲಿ ಬರುವ ಗಾಡಿಯ ಯಾವ ಚಕ್ರ ಸಡಿಲ ಅಂತ ಕೂತಲ್ಲೇ ಗೊತ್ತಾಗುತ್ತಿತ್ತು. ನೀವಿಬ್ಬರೂ ಸೇರಿದರೆ ಒಬ್ಬ ಮೇಸ್ತ್ರಿ, ಬೇರೆ ಬೇರೆ ನಿಂತರೆ ಇಬ್ಬರು ಕೂಲಿಗಳು ಅಂತ ಅಪ್ಪ ಅನ್ನುತ್ತಿದ್ದ. ಆ ಮಾತನ್ನು ಇಬ್ಬರೂ ಬೈಗುಳ ಅಂತಲೇ ಎಣಿಸಿದರು.

ಅಪ್ಪ ಸತ್ತು ತಿಂಗಳಾಗಿರಲಿಲ್ಲ, ಶೆಡ್ಡು ಪಾಲಾಯಿತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತಾರಲ್ಲ, ಇವರು ಬೆಳೆಯುವುದಕ್ಕೂ ಕಾಯಲಿಲ್ಲ. ಶೆಡ್ಡಿನ ನಡುವೆ ತಗಡು ಹೊಡೆದರು. ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿ ನಿನಗೊಂದು ನನಗೊಂದು ಅಂತ ಎತ್ತಿಕೊಂಡರು. ಸೆಟ್ಟು ಒಡೆದು ಇಬ್ಬರ ಹತ್ತಿರವೂ ಹಲ್ಲುದುರಿದ ಬಾಯಿಯ ಹಾಗೆ ಒಂದು ಬಿಟ್ಟು ಒಂದು ಅಳತೆ ಉಳಿಯಿತು. ಕೊನೆಗೆ ಉಳಿದದ್ದು ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಒಂದು ಗಂಟು. ಅದರೊಳಗೆ ಹಳೇ ಜೀಪಿನ ಹಿಂದಚ್ಚಿನ ಕ್ರೌನು, ಪಿನಿಯನ್ನು.

ಜೀಪಿನ ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯ ಹಾಗೆ ಉಬ್ಬಿದ ಡಬ್ಬ ಇರುತ್ತದೆ. ಅದರೊಳಗೆ ತಟ್ಟೆಯಗಲದ ಹಲ್ಲುಚಕ್ರವೇ ಕ್ರೌನು. ಅದಕ್ಕೆ ಹಲ್ಲು ಕೊಟ್ಟು ತಿರುಗಿಸುವ ಮುಷ್ಟಿಗಾತ್ರದ್ದು, ಬಾಲವಿರುವುದು, ಪಿನಿಯನ್ನು. ಮಾಡುವ ಕಡೆಯಲ್ಲೇ ಇವೆರಡನ್ನೂ ಒಂದಕ್ಕೊಂದು ತೇದು, ಹಲ್ಲಿಗೆ ಹಲ್ಲು ಹೊಂದಿದ ಮೇಲೆ ಎರಡರ ಮೇಲೂ ಒಂದೇ ನಂಬರು ಕೊರೆದು ಕಳಿಸುತ್ತಾರೆ. ಅಪ್ಪ ಇಟ್ಟಿದ್ದ ಜೋಡಿಯ ನಂಬರು ನಲವತ್ತೊಂದು. ಒಂದೇ ಬಸಿರಿನವು, ಬೇರೆ ಮಾಡಿದರೆ ಎರಡೂ ಗುಜರಿ ಅಂತ ಅಪ್ಪ ನೂರು ಸಲ ಹೇಳಿದ್ದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಅಣ್ಣ, ದೊಡ್ಡವನಿಗೆ ದೊಡ್ಡದು ಅಂತ ಕ್ರೌನು ಎತ್ತಿಕೊಂಡ. ತಮ್ಮ ಪಿನಿಯನ್ನನ್ನು ಅಂಗಿಯೊಳಗೆ ತುರುಕಿಕೊಂಡ. ಆ ಹೊತ್ತಿಗೆ ಅದು ಯಾರಿಗೂ ಬೇಕಿರಲಿಲ್ಲ. ಇನ್ನೊಬ್ಬನಿಗೆ ಸಿಗಬಾರದಿತ್ತು, ಅಷ್ಟೇ.

ಅದನ್ನು ಕಸಿಯಲು ಅಣ್ಣ ಚಕ್ರದ ನಟ್ಟು ಬಿಚ್ಚುವ ಪಾನೆ ಬೀಸಿದ. ಅದು ತಮ್ಮನ ಎಡಗಿವಿಯ ಮೇಲೆ ಕೂತಿತು; ಆ ಏಟಿನ ಅದುರಿಗೆ ಬಲಗಿವಿಯೂ ಅರ್ಧ ಹೋಯಿತು. ಕಿವಿಯಿಂದ ರಕ್ತ ಕತ್ತಿಗೆ, ಕತ್ತಿನಿಂದ ಎದೆಗೆ ಇಳಿದರೂ ತಮ್ಮ ಪಿನಿಯನ್ನು ಬಿಡಲಿಲ್ಲ. ಅಣ್ಣನ ಮುಂಗೈ ಬಾಯಿಗೆ ಸಿಕ್ಕಿತು, ಕಚ್ಚಿದ. ಕಚ್ಚಿದವನು ತುಂಡು ಬಾಯಿಗೆ ಬರುವ ತನಕ ಬಿಡಲಿಲ್ಲ. ಅವರ ತಂಗಿ ಆಗಿನ್ನೂ ಮದುವೆಯಾಗದ ಹುಡುಗಿ. ಕೂಗಿದಳು, ಎಳೆದಳು, ಕೊನೆಗೆ ಇಂಜಿನ್ನಿನಿಂದ ಇಳಿಸಿದ್ದ ಕೊಳೆ ಎಣ್ಣೆಯ ಡಬ್ಬ ಎತ್ತಿ ಇಬ್ಬರ ತಲೆಯ ಮೇಲೂ ಸುರಿದಳು. ಮೈ ಜಾರಿ ಹಿಡಿತ ಸಿಗದೆ ಜಗಳ ನಿಂತಿತು. ಆವತ್ತಿನಿಂದ ಏಳು ವರ್ಷ ತಗಡಿನ ಆಚೆಯವನು ಈಚೆಯವನಿಗೆ ಒಂದು ಮಾತೂ ಆಡಲಿಲ್ಲ. ಪಿನಿಯನ್ನು ತಮ್ಮನ ಮಂಚದ ಕೆಳಗೆ ಎಣ್ಣೆಬಟ್ಟೆಯಲ್ಲಿ ಮಲಗಿತ್ತು. ಕಸ ಗುಡಿಸುವಾಗೆಲ್ಲ ಹೆಂಡತಿಯ ಕಾಲಿಗೆ ಅದು ತಾಗುತ್ತಿತ್ತು. ನನ್ನ ಸವತಿ ಇನ್ನೂ ಇಲ್ಲೇ ಇದ್ದಾಳೆ ನೋಡಿ ಅಂತ ಅವಳು ಪೊರಕೆಯಲ್ಲೇ ಅದನ್ನು ಒಳಕ್ಕೆ ತಳ್ಳುತ್ತಿದ್ದಳು.

ಏಳು ವರ್ಷದ ಮೇಲೆ ಒಂದು ಬೆಳಿಗ್ಗೆ ಜೀಪೊಂದು ಬೀದಿಯ ತುದಿಯಿಂದಲೇ ಊಳಿಡುತ್ತಾ ಬಂತು. ಅರ್ಧ ಕಿವಿಗೂ ಕೇಳಿಸುವಂಥ ಊಳು. ಕಲ್ಲುಕ್ವಾರಿಯ ಜೀಪು ಅದು. ಓಡಿಸುತ್ತಿದ್ದವನು ತಂಗಿಯ ಗಂಡ, ಅಣ್ಣತಮ್ಮಂದಿರಿಗೆ ಭಾವ, ಕ್ವಾರಿಯ ಡ್ರೈವರು. ಪಕ್ಕದಲ್ಲಿ ತಂಗಿ ಕೂತು ಗೇರು ಹಾಕುತ್ತಿದ್ದಳು; ಅವನು ಕ್ಲಚ್ಚು ತುಳಿದು ಎರಡು ಅಂದರೆ ಅವಳು ಎರಡಕ್ಕೆ ಎಳೆಯುತ್ತಿದ್ದಳು. ಗಂಡಹೆಂಡತಿ ಸೇರಿ ಸಂಸಾರ ನಡೆಸುತ್ತಾರೆ ಅಂತ ಕೇಳಿದ್ದೆವು, ಗಾಡಿಯನ್ನೂ ನಡೆಸುತ್ತಾರಾ ಅಂತ ಎದುರಿನ ಟೈರಂಗಡಿಯವನು ಹಲ್ಲು ಕಿಸಿದ. ಅವಳು ಇಳಿದು ಗಂಡನ ಎಡಗೈಯ ಟವೆಲ್ಲು ಬಿಚ್ಚಿದ ಮೇಲೆ ಅವನು ಅಂಗಡಿಯೊಳಗೆ ಸರಿದ.

ಎರಡು ಬೆರಳು ಚಪ್ಪಟೆಯಾಗಿದ್ದವು. ಉಗುರು ಇರಬೇಕಾದ ಕಡೆ ಉಗುರಿರಲಿಲ್ಲ. ಮುಖದ ಒಂದು ಬದಿ ಊದಿ ಕಣ್ಣನ್ನು ಮುಚ್ಚಿತ್ತು.

ತಂಗಿ ನಿಧಾನವಾಗಿ ಹೇಳಿದಳು. ಮೂರು ವಾರದ ಹಿಂದೆ ದೊಡ್ಡಣ್ಣನೇ ಈ ಜೀಪಿನ ಹಿಂದಚ್ಚು ಬಿಚ್ಚಿ ಕಟ್ಟಿದ್ದ. ಕಟ್ಟಿದ ಮಾರನೇ ದಿನದಿಂದ ಸದ್ದು ಶುರು. ಕ್ವಾರಿಯ ಧಣಿ ಹೋಗಿ ಕೇಳಿದ್ದಕ್ಕೆ ದೊಡ್ಡಣ್ಣ, ನನ್ನ ಕೆಲಸ ಸರಿಯಾಗಿದೆ, ನಿಮ್ಮ ಡ್ರೈವರು ಎಣ್ಣೆ ನೋಡದೆ ಓಡಿಸಿ ಕೆಡಿಸಿದ್ದಾನೆ ಅಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಿನ್ನೆ ಧಣಿ ಇವನ ಮುಖಕ್ಕೆ ಹೊಡೆಸಿ, ಕೈಯನ್ನು ಜೀಪಿನ ಬಾಗಿಲ ಸಂದಿಗೆ ಇಡಿಸಿ, ಗೂಳಿ ಅಂತ ಅವನ ಒಬ್ಬ ಆಳಿದ್ದಾನಲ್ಲ, ಅವನಿಂದ ಬಾಗಿಲು ಬಡಿಸಿದ. ಒಂದು ಸಲ ಅಲ್ಲ, ಎರಡು ಸಲ. ಇವತ್ತು ಹೊತ್ತು ಮುಳುಗುವುದರೊಳಗೆ ಸದ್ದು ಹೋಗಿ ಗಾಡಿ ಬರದಿದ್ದರೆ ಇನ್ನೊಂದು ಕೈ ಅಂದಿದ್ದಾನೆ.

ಅಣ್ಣ ಕೈಹಾಕಿದ ಗಾಡಿಯನ್ನು ನಾನು ಮುಟ್ಟುವುದಿಲ್ಲ ಅಂದ ಹಲ್ಲುಮೇಸ್ತ್ರಿ. ಅದು ಅವನ ಏಳು ವರ್ಷದ ಛಲ.

ತಂಗಿ ಗಂಡನ ಆ ಕೈಯನ್ನು ಎತ್ತಿ ಮೇಸ್ತ್ರಿಯ ಕೆಲಸದ ಮೇಜಿನ ಮೇಲೆ, ಸ್ಪ್ಯಾನರುಗಳ ನಡುವೆ ಇಟ್ಟಳು. "ಇದನ್ನ ಯಾರು ಮುಟ್ತಾರೆ ಹೇಳು. ನಿಮ್ಮಿಬ್ಬರ ಛಲ ನನ್ನ ಗಂಡನ ಬೆರಳಲ್ಲಿ ಮುಗೀಬೇಕಾ?"

ತಗಡಿನ ಆಚೆ ಅರದ ಸದ್ದು ನಿಂತಿತು. ಅಣ್ಣ ಕೇಳಿಸಿಕೊಳ್ಳುತ್ತಿದ್ದ.

ಹಲ್ಲುಮೇಸ್ತ್ರಿ ಕೋಲು ತೆಗೆದುಕೊಂಡ.

ಸದ್ದು ಅಂದ ತಕ್ಷಣ ಬಿಚ್ಚಲು ಕೂರುವವನು ಮೇಸ್ತ್ರಿಯಲ್ಲ. ಮೊದಲು ಜಾಕಿ ಕೊಟ್ಟು ಹಿಂದಿನ ಎರಡೂ ಚಕ್ರ ಎತ್ತಿ, ಕೈಯಲ್ಲಿ ತಿರುಗಿಸಿ, ಮೇಲೆ ಕೆಳಗೆ ಅಲ್ಲಾಡಿಸಿ ನೋಡಿದ. ಚಕ್ರದ ಬೇರಿಂಗುಗಳು ಬಿಗಿಯಾಗಿದ್ದವು. ಮುಂದಿನಿಂದ ಹಿಂದಕ್ಕೆ ಬರುವ ಉದ್ದದ ಶಾಫ್ಟಿನ ಕೀಲುಗಳನ್ನು ತಿರುಚಿದ. ಟಕ್ ಅನ್ನಲಿಲ್ಲ. ಇನ್ನು ಓಡುವಾಗಲೇ ಕೇಳಬೇಕು. ಜೀಪಿನ ಹಿಂಭಾಗದ ನೆಲದ ತಗಡು ಬಿಚ್ಚಿ, ಆ ಕಂಡಿಯ ಮುಂದೆ ಹೊಟ್ಟೆ ಕೆಳಗೆ ಮಾಡಿ ಮಲಗಿ, ಕೋಲನ್ನು ಅಚ್ಚಿನ ಡಬ್ಬಕ್ಕೆ ಆನಿಸಿ ಕಚ್ಚಿದ. ಭಾವ ಓಡಿಸಿದ, ತಂಗಿ ಗೇರು ಹಾಕಿದಳು.

ಕ್ವಾರಿಯ ದಾರಿ ಅಂದರೆ ದಾರಿಯಲ್ಲ, ಕಲ್ಲು ಉರುಳಿಸಿದ ಇಳಿಜಾರು. ಪ್ರತಿ ಗುಂಡಿಗೂ ಅಚ್ಚು ಮೇಲಕ್ಕೆ ಒದೆಯುತ್ತಿತ್ತು, ಕೋಲು ಅಂಗುಳಕ್ಕೆ ಹೊಡೆಯುತ್ತಿತ್ತು. ಮೊದಲ ಮೈಲಿಗೇ ತುಟಿ ಒಡೆಯಿತು. ಮೇಸ್ತ್ರಿ ಬಿಡಲಿಲ್ಲ. ಕೈಯಿಂದ ನೆಲವನ್ನು ಒಂದು ಸಲ ತಟ್ಟಿದರೆ ಎಳೆ, ಎರಡು ಸಲ ತಟ್ಟಿದರೆ ಬಿಡು ಅಂತ ಮೊದಲೇ ಹೇಳಿಟ್ಟಿದ್ದ. ಎಳೆಯುವಾಗ ಡಬ್ಬ ಗೋಳೋ ಅಂತ ಅಳುತ್ತಿತ್ತು. ಕಾಲು ಬಿಟ್ಟು ಗಾಡಿ ತಾನಾಗಿ ಉರುಳುವಾಗ ಅಳು ದನಿ ಬದಲಿಸಿ ನರಳುತ್ತಿತ್ತು. ಎರಡರ ನಡುವೆ, ಎಳೆತವೂ ಇಲ್ಲ ಬಿಡುವೂ ಇಲ್ಲ ಅನ್ನುವ ಆ ಒಂದು ಗಳಿಗೆ ಮಾತ್ರ ಸುಮ್ಮನಾಗುತ್ತಿತ್ತು. ಗಾಡಿಯನ್ನು ಎಡಕ್ಕೆ ಬಲಕ್ಕೆ ಓಲಾಡಿಸಲು ಹೇಳಿದ. ಭಾರ ಯಾವ ಚಕ್ರದ ಮೇಲೆ ಬಿದ್ದರೂ ದನಿ ಬದಲಾಗಲಿಲ್ಲ. ಬೇರಿಂಗಾಗಿದ್ದರೆ ಬದಲಾಗಬೇಕಿತ್ತು. ಇದು ಹಲ್ಲಿಗೆ ಹಲ್ಲು ಹೊಂದದ ಸಂಕಟ. ಒಂದನ್ನೊಂದು ಒಪ್ಪದ ಎರಡು ಚಕ್ರಗಳನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಿದ್ದಾರೆ.

ಅದಕ್ಕಿಂತ ಕೆಟ್ಟದ್ದನ್ನೂ ಹಲ್ಲು ಹೇಳಿತು. ಗೋಳಿನ ನಡುವೆ ಆಗಾಗ ಒಂದು ಟಿಕ್. ಎಲ್ಲೋ ಒಂದು ಹಲ್ಲು ಬಿರುಕು ಬಿಟ್ಟಿದೆ. ಇಳಿಜಾರಿನಲ್ಲಿ ಅದು ಮುರಿದು ಸಂದಿಗೆ ಸಿಕ್ಕಿತೋ, ಹಿಂದಿನ ಎರಡೂ ಚಕ್ರ ಒಟ್ಟಿಗೆ ಕಚ್ಚಿಕೊಳ್ಳುತ್ತವೆ. ದಿನವೂ ಆ ಜೀಪಿನಲ್ಲಿ ಹನ್ನೆರಡು ಜನ ಕಲ್ಲೊಡೆಯುವವರು ಇಳಿಯುತ್ತಿದ್ದರು.

ಹಿಂತಿರುಗಿ ಬಂದು ಡಬ್ಬದ ಹಿಂದಿನ ಮುಚ್ಚಳ ಬಿಚ್ಚಿದಾಗ ಎಣ್ಣೆ ಬೂದಿಬಣ್ಣಕ್ಕೆ ತಿರುಗಿ, ಲೋಹದ ಪುಡಿಯಿಂದ ಮಿನುಗುತ್ತಾ ಸುರಿಯಿತು. ಎಣ್ಣೆ ತುಂಬಾ ಇತ್ತು, ಭಾವನ ತಪ್ಪು ಅಲ್ಲಿಗೇ ತೊಳೆದುಹೋಯಿತು. ಕ್ರೌನಿನ ಹಲ್ಲುಗಳಿಗೆ ಕೆಂಪು ಬಣ್ಣ ಸವರಿ ನಿಧಾನ ತಿರುಗಿಸಿದ. ಉಜ್ಜಿದ ಗುರುತು ಹಲ್ಲಿನ ನಡುವೆ ಬೀಳಬೇಕು. ಇಲ್ಲಿ ಅಂಚಿಗೆ ಬಿದ್ದಿತ್ತು, ಕತ್ತಿಯ ಬಾಯಿಯ ಹಾಗೆ ತೆಳುವಾಗಿ. ಬಟ್ಟೆಯಲ್ಲಿ ಕ್ರೌನಿನ ಬದಿ ಒರೆಸಿದ. ಕೊರೆದ ನಂಬರು ಕಂಡಿತು.

ನಲವತ್ತೊಂದು.

ಮೇಸ್ತ್ರಿ ಕೂತಲ್ಲೇ ಕೂತ. ಮೂರು ವಾರದ ಹಿಂದೆ ಇದೇ ತಂಗಿ ಇದೇ ಬಾಗಿಲಲ್ಲಿ ನಿಂತು, ದೊಡ್ಡಣ್ಣ ಅಪ್ಪನ ಪಿನಿಯನ್ನು ಕೇಳ್ತಿದ್ದಾನೆ, ಅರ್ಜೆಂಟು ಕೆಲಸವಂತೆ, ಕೊಡ್ತೀಯಾ ಅಂತ ಕೇಳಿದ್ದಳು. ಯಾವ ಗಾಡಿಗೆ ಅಂತ ಇವನು ಕೇಳಿರಲಿಲ್ಲ. ಮಂಡಿಯೂರಿಕೊಂಡು ಬರಲಿ, ನನ್ನ ಕಿವಿಗೆ ಬಾಯಿಟ್ಟು ಕೇಳಲಿ, ಯಾವ ಕಿವಿ ಅಂತ ಅವನಿಗೇ ಗೊತ್ತಿದೆ ಅಂತ ಹೇಳಿ ಕಳಿಸಿದ್ದ. ಹೇಳಿ ಮುಗಿಸಿ ಹೊಟ್ಟೆ ತುಂಬಾ ನಕ್ಕಿದ್ದ. ಅಣ್ಣ ಬರಲಿಲ್ಲ. ಗುಜರಿಯ ಪಿನಿಯನ್ನೊಂದನ್ನು ಅಪ್ಪನ ಕ್ರೌನಿಗೆ ಜೋಡಿಸಿ ಕಟ್ಟಿಬಿಟ್ಟಿದ್ದ. ಸದ್ದು ಬಂದಾಗ ಹೆದರಿ ಸುಳ್ಳು ಹೇಳಿದ್ದ.

ತಂಗಿ ನಂಬರು ನೋಡಿದಳು, ಮೇಸ್ತ್ರಿಯ ಮುಖ ನೋಡಿದಳು. ಗಂಡನ ಕೈಗೆ ಟವೆಲ್ಲು ಸುತ್ತಲು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಅವನು ಅಚ್ಚಿನ ಎರಡು ಬದಿಯ ಶಾಫ್ಟುಗಳನ್ನು ಎಳೆದು ಇಟ್ಟು, ಕ್ರೌನನ್ನು ಹೊರಗೆ ಇಳಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಕಲ್ಲಿನ ಲಾರಿಯೊಂದು ಧಣಿಯನ್ನೂ ಗೂಳಿಯನ್ನೂ ಬಾಗಿಲಲ್ಲಿ ಇಳಿಸಿ ಮುಂದಕ್ಕೆ ಹೋಯಿತು. ಧಣಿ ದನಿ ಏರಿಸುವ ಮನುಷ್ಯನಲ್ಲ. ಒಳಗೆ ಬಂದು, ಹೊಟ್ಟೆ ಬಿಚ್ಚಿದ ಜೀಪಿನ ಸುತ್ತ ಒಂದು ಸುತ್ತು ಬಂದು, ಯಾರ ತಪ್ಪು ಅಂತ ಕೇಳಿದ.

ಡ್ರೈವರದ್ದಲ್ಲ ಅಂದ ಮೇಸ್ತ್ರಿ. ಎಣ್ಣೆ ತೋರಿಸಿದ. ಕ್ರೌನಿನ ನಂಬರು, ಪಿನಿಯನ್ನಿನ ನಂಬರು ಬೇರೆ ಬೇರೆ ಅಂತ ತೋರಿಸಿದ. ಅಲ್ಲಿಗೆ ನಿಲ್ಲಿಸಿದ.

ಧಣಿಗೆ ಅಷ್ಟು ಸಾಕಾಗಿತ್ತು. ತಗಡಿನ ಕಡೆ ಗದ್ದ ತೋರಿಸಿದ. ಗೂಳಿ ಸುತ್ತಿಕೊಂಡು ಹೋಗದೆ ತಗಡನ್ನೇ ಒದ್ದ. ಏಳು ವರ್ಷದ ಮೊಳೆಗಳು ಪಟಪಟನೆ ಕಿತ್ತು ಒಂದು ಹಾಳೆ ಅಡ್ಡ ಬಿತ್ತು. ಆಚೆ ಅಣ್ಣ ಟೈರು ಬಿಚ್ಚುವ ಸಲಾಕೆ ಹಿಡಿದು ನಿಂತಿದ್ದ. ಬೀಸಿದ. ಅದು ಗೂಳಿಯ ಹಣೆ ಸೀಳಿತು. ಗೂಳಿ ಕಣ್ಣಿಗೆ ಇಳಿದ ರಕ್ತವನ್ನು ತೋಳಿನಲ್ಲಿ ಒರೆಸಿಕೊಂಡು, ಕೆಲಸಕ್ಕೆ ಬಂದವನ ಹಾಗೆ ಶಾಂತವಾಗಿ ಅಣ್ಣನ ಕೂದಲು ಹಿಡಿದು ಮುಖವನ್ನು ಕಂಬಕ್ಕೆ ಬಡಿದ. ಒಂದು, ಎರಡು, ಮೂರು. ಮೂಗು ಮುರಿದ ಸದ್ದು ಟೈರಂಗಡಿಯ ತನಕ ಕೇಳಿಸಿತಂತೆ. ಆಮೇಲೆ ಎಳೆದು ತಂದು ಅವನ ಬಲಗೈಯನ್ನು ಮೇಜಿಗೆ ಬಿಗಿದ, ಕಬ್ಬಿಣ ಕಚ್ಚಿಹಿಡಿಯುವ ವೈಸಿನ ದವಡೆಗಳ ನಡುವೆ ಇಟ್ಟು, ಹಿಡಿ ತಿರುಗಿಸಿ ಬಿಗಿದ.

ನನ್ನ ಡ್ರೈವರನ ಬೆರಳು ಬಾಗಿಲಲ್ಲಿ ಹೋದವು, ನಿನ್ನವು ಇದರಲ್ಲಿ ಹೋಗಲಿ ಅಂತ ಧಣಿ ಲೆಕ್ಕ ಹೇಳುವವನ ಹಾಗೆ ಹೇಳಿದ. ಗೂಳಿ ಇನ್ನೊಂದು ಅರ್ಧ ಸುತ್ತು ತಿರುಗಿಸಿದ. ಅಣ್ಣ ಕೂಗಲಿಲ್ಲ. ಅಪ್ಪ ಕೂಗಿದವನಿಗೆ ಎರಡು ಹೆಚ್ಚು ಕೊಡುತ್ತಿದ್ದ. ಆ ಪಾಠ ಇಬ್ಬರಿಗೂ ಮರೆತಿರಲಿಲ್ಲ.

ಹಲ್ಲುಮೇಸ್ತ್ರಿ ನೋಡುತ್ತಾ ನಿಂತ. ಏಳು ವರ್ಷ ಅವನು ಮಲಗುವ ಮುಂಚೆ ಮನಸ್ಸಿನಲ್ಲಿ ಕಟ್ಟಿಕೊಂಡದ್ದು ಇದನ್ನೇ. ಅಣ್ಣನ ಮೂಗು, ಅಣ್ಣನ ಕೈ, ಅಣ್ಣನ ರಕ್ತ. ಈಗ ಎದುರಿಗೇ ಬಡಿಸಿಟ್ಟಿತ್ತು. ಅವನು ಬಾಯಿ ಬಿಟ್ಟರೆ ನಿಲ್ಲುತ್ತಿತ್ತು. ಬಿಡಲಿಲ್ಲ. ಇನ್ನೊಂದು ಅರ್ಧ ಸುತ್ತಿಗೆ ಕಾದ. ಕಾದದ್ದು ನಿಜ, ಅದನ್ನು ಅವನೇ ಮುಂದೆ ಹೆಂಡತಿಯ ಹತ್ತಿರ ಒಪ್ಪಿಕೊಂಡ.

ಆ ಅರ್ಧ ಸುತ್ತಿಗೆ ಅಣ್ಣನ ಹೆಬ್ಬೆರಳಿನ ಉಗುರು ಕಪ್ಪಾಯಿತು. ಕೂದಲೆಳೆಯ ಸಂದು ಅಳೆಯುವ ಹೆಬ್ಬೆರಳು.

ಮೇಸ್ತ್ರಿ ಹಿಂಬಾಗಿಲಿನಿಂದ ಮನೆಗೆ ನುಗ್ಗಿ, ಮಂಚದ ಕೆಳಗೆ ಕೈಹಾಕಿ, ಎಣ್ಣೆಬಟ್ಟೆಯ ಗಂಟು ಎಳೆದು ತಂದು ವೈಸಿನ ಪಕ್ಕ ಇಟ್ಟು ಬಿಚ್ಚಿದ. ಪಿನಿಯನ್ನು ನಿನ್ನೆ ಮಾಡಿದ್ದರ ಹಾಗೆ ಹೊಳೆಯಿತು.

"ಅರ್ಧ ತಪ್ಪು ಇಲ್ಲಿದೆ," ಅಂದ. "ಅವನು ಕೇಳಿ ಕಳಿಸಿದ್ದ. ನಾನು ಕೊಡಲಿಲ್ಲ. ಕೊಟ್ಟಿದ್ರೆ ಸದ್ದೇ ಇರ್ತಿರಲಿಲ್ಲ. ಇನ್ನೊಂದು ಮಾತು. ಆ ಕೈ ಹೋದರೆ ಇದನ್ನ ಹೊಂದಿಸೋನು ಇನ್ಯಾರೂ ಇಲ್ಲ. ನನಗೆ ಬರಲ್ಲ."

ಧಣಿ ನಂಬರು ಓದಿದ. ಕ್ರೌನಿನ ಮೇಲಿನದನ್ನೂ ಓದಿದ. ಅವನಿಗೆ ಅರ್ಥವಾಯಿತು. ಮೇಜಿನ ಮೇಲಿದ್ದ ಕೋಲನ್ನು ಎತ್ತಿಕೊಂಡ, ಮೇಸ್ತ್ರಿ ಕಚ್ಚಿ ಕಚ್ಚಿ ಗುಳಿಬಿದ್ದಿದ್ದ ಕೋಲು. ತೂಗಿ ನೋಡಿದ. ಹಾಗಾದರೆ ನಿನ್ನ ಅರ್ಧ ನೀನು ತಗೋ ಅಂತ ಅಡ್ಡಡ್ಡ ಬೀಸಿ ಬಾಯಿಗೆ ಹೊಡೆದ.

ಮೇಲಿನ ಮೂರು ಹಲ್ಲು ಕೆಳಗೆ ಬಿದ್ದವು. ನಾಲ್ಕನೆಯದು ಬೀಳದೆ ಚರ್ಮದಲ್ಲಿ ಜೋತಾಡುತ್ತಿತ್ತು. ಮೇಸ್ತ್ರಿ ಅದನ್ನು ತಾನೇ ಕಿತ್ತು ಉಗುಳಿದ.

ಧಣಿ ಇನ್ನೊಂದು ಸಲ ಕೈ ಎತ್ತಿದಾಗ ಅವನ ಕತ್ತಿನ ಪಕ್ಕಕ್ಕೆ ಏನೋ ತಣ್ಣಗೆ ತಾಗಿತು. ಬಿಚ್ಚಿಟ್ಟಿದ್ದ ಅಚ್ಚಿನ ಶಾಫ್ಟೊಂದನ್ನು, ಎರಡೂವರೆ ಅಡಿಯ ಉಕ್ಕಿನ ದಂಡವನ್ನು, ತಂಗಿ ಅವನ ಹೆಗಲ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು.

"ಇನ್ನೊಂದೇಟು ಬಿದ್ದರೆ ಈ ಗಾಡಿ ಹೀಗೇ ಹೊಟ್ಟೆ ಬಿಚ್ಕೊಂಡು ತುಕ್ಕು ಹಿಡಿಯುತ್ತೆ. ಆಮೇಲೆ ಹೆಗಲ ಮೇಲೆ ಹೊತ್ಕೊಂಡು ಹೋಗಿ ಧಣಿ. ಅವನ ಕೈ ಬಿಡಿಸಿ."

ಗೂಳಿ ಒಂದು ಹೆಜ್ಜೆ ಮುಂದಿಟ್ಟ. ಅವಳು ಅವನ ಕಡೆ ನೋಡದೆಯೇ ದಂಡ ಬೀಸಿದಳು. ಮೊಣಕಾಲಿಗೆ ತಾಗಿ ಅವನು ಕೊಳೆ ಎಣ್ಣೆಯಲ್ಲಿ ಕುಸಿದು ಕೂತ. ಧಣಿ ಜೀಪನ್ನೂ ಅವಳನ್ನೂ ನೋಡಿದ. ನಾಳೆ ಜನ ಇಳಿಸಬೇಕು, ಇರುವುದು ಒಂದೇ ಜೀಪು. ವೈಸಿನ ಹಿಡಿಯನ್ನು ತಾನೇ ಹಿಂದಕ್ಕೆ ತಿರುಗಿಸಿದ. ಹೋಗಿ ಬಾಗಿಲ ಹತ್ತಿರ ಟೈರಿನ ಮೇಲೆ ಕೂತ.

ಅಣ್ಣ ತಮ್ಮ ಜೀಪಿನ ಕೆಳಗೆ ತೆವಳಿದರು.

ತಮ್ಮನ ಬಾಯಿಯಿಂದ ರಕ್ತ ಗದ್ದಕ್ಕೆ ಇಳಿಯುತ್ತಿತ್ತು, ಅಣ್ಣನ ಮೂಗಿನಿಂದ ಬಾಯಿಗೆ ಇಳಿಯುತ್ತಿತ್ತು. ಗುಜರಿಯ ಪಿನಿಯನ್ನನ್ನು ಮುಂದಿನಿಂದ ಬಡಿದು ಹೊರಗೆ ಹಾಕಿದರು. ಅದರ ಒಂದು ಹಲ್ಲು ಬುಡದ ತನಕ ಸೀಳಿತ್ತು. ಅಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿ, ಭಾವನ ಕಡೆ ಒಂದು ಸಲ ತಿರುಗಿ, ತಲೆ ತಗ್ಗಿಸಿದ. ಇನ್ನು ಅಪ್ಪನ ಪಿನಿಯನ್ನನ್ನು ಎಷ್ಟು ಆಳಕ್ಕೆ ಕೂರಿಸಬೇಕು ಅನ್ನುವುದೇ ಕೆಲಸದ ಜೀವ. ಎಲೆಯಷ್ಟು ತೆಳುವಾದ ತಗಡಿನ ಬಳೆಗಳನ್ನು ಅದರ ಹಿಂದೆ ಹಾಕಿ ತೆಗೆದು ನೋಡಬೇಕು. ಅಣ್ಣನಿಗೆ ಹದಿಮೂರರ ಸ್ಪ್ಯಾನರು ಬೇಕಾಯಿತು, ಅವನ ಪಾಲಿನಲ್ಲಿ ಅದು ಇರಲಿಲ್ಲ. ಕೈ ಚಾಚಿದ. ತಮ್ಮ ತನ್ನ ಪಾಲಿನಿಂದ ತೆಗೆದು ಅಂಗೈಯಲ್ಲಿ ಇಟ್ಟ. ಹದಿನಾಲ್ಕು ಅಣ್ಣನ ಕಡೆಯಿಂದ ಬಂತು. ತಂಗಿ ದಂಡವನ್ನು ಕೆಳಗಿಡದೆ ಬಿದ್ದ ತಗಡಿನ ಮೇಲೆ ನಿಂತಿದ್ದಳು. ಪಕ್ಕದಲ್ಲಿ ಭಾವ ಒಂದು ಕೈಯಲ್ಲೇ ನಟ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ.

ಕ್ರೌನು ಒಳಗೆ ಕೂತ ಮೇಲೆ ಅಣ್ಣ ಕಪ್ಪಾದ ಹೆಬ್ಬೆರಳನ್ನು ಅದರ ಹಲ್ಲಿನ ಮೇಲಿಟ್ಟು ಹಿಂದೆ ಮುಂದೆ ತುಸುವೇ ಅಲ್ಲಾಡಿಸಿದ. ಮುಖ ಹಿಂಡಿತು. ಒಂದು ಬಳೆ ತೆಗೆಸಿದ. ಮತ್ತೆ ಅಲ್ಲಾಡಿಸಿದ. ಅರ್ಧ ದಪ್ಪದ್ದು ಹಾಕಿಸಿದ. ಮೂರನೇ ಸಲ ಕಣ್ಣು ಮುಚ್ಚಿ ಬಹಳ ಹೊತ್ತು ಹಾಗೇ ಇದ್ದು ತಲೆಯಾಡಿಸಿದ. ತಮ್ಮ ಕೆಂಪು ಬಣ್ಣ ಸವರಿ ತಿರುಗಿಸಿದ. ಗುರುತು ಹಲ್ಲಿನ ಹೊಟ್ಟೆಯ ನಡುವೆ, ಬೆರಳೊತ್ತಿದ ಹಾಗೆ ಬಿತ್ತು. ಅಪ್ಪ ಇದ್ದಿದ್ದರೆ ಹೊಡೆಯುತ್ತಿರಲಿಲ್ಲ. ಅದೇ ಅವನ ಹೊಗಳಿಕೆ.

ಹೊತ್ತು ಇಳಿಯುತ್ತಿತ್ತು. ತಂಗಿಯ ಕೈಯ ದಂಡವನ್ನೂ ಇಸಿದುಕೊಂಡು ಶಾಫ್ಟುಗಳನ್ನು ಒಳಗೆ ತೂರಿಸಿ, ಮುಚ್ಚಳ ಬಿಗಿದು, ಹೊಸ ಎಣ್ಣೆ ತುಂಬಿಸಿ, ಚಕ್ರ ಏರಿಸಿದರು. ಭಾವ ಸ್ಟೇರಿಂಗಿಗೆ, ತಂಗಿ ಗೇರಿಗೆ. ಹಲ್ಲುಮೇಸ್ತ್ರಿ ಕಂಡಿಯ ಮುಂದೆ ಮಲಗಿ ಅಭ್ಯಾಸಬಲದಿಂದ ಕೋಲನ್ನು ಬಾಯಿಗೆ ತಂದ. ಕಚ್ಚಲು ಏನಿತ್ತು? ವಸಡಿಗೆ ಮರ ತಾಗಿದ್ದೇ ಅವನ ಕಣ್ಣಲ್ಲಿ ನೀರು ಚಿಮ್ಮಿತು. ಕೆಳಗಿನ ಹಲ್ಲಿನಲ್ಲಿ ಪ್ರಯತ್ನಪಟ್ಟ, ಕೋಲು ಜಾರಿತು. ಬಲಗಿವಿಗೆ ಇಟ್ಟುಕೊಂಡ, ಬರೀ ಗಾಳಿ.

ಅಣ್ಣ ಜೀಪಿಗೆ ಹತ್ತಿ, ಅವನನ್ನು ಪಕ್ಕಕ್ಕೆ ಸರಿಸಿ, ಮಲಗಿದ. ಕೋಲು ಕಸಿದುಕೊಂಡ. ಅದರ ತುದಿಯಲ್ಲಿ ತಮ್ಮನ ರಕ್ತವಿತ್ತು, ಏಳು ವರ್ಷದ ಹಲ್ಲಿನ ಗುಳಿಗಳಿದ್ದವು. ಒರೆಸದೆ ಕಚ್ಚಿದ.

ಜೀಪು ಇಳಿಜಾರಿಗೆ ಬಿತ್ತು. ಒದೆತ ಬಿದ್ದಾಗಲೆಲ್ಲ ಮುರಿದ ಮೂಗಿನವನ ಮೈ ಪೂರ್ತಿ ಜಿಗಿಯುತ್ತಿತ್ತು. ಎಳೆಯುವಾಗ ಸದ್ದಿದೆಯಾ ಅಂತ ತಮ್ಮ ತೊದಲುತ್ತಾ ಕೇಳಿದ, ಅದು ಏಳು ವರ್ಷದ ಮೇಲೆ ಅಣ್ಣನಿಗೆ ಆಡಿದ ಮೊದಲ ಮಾತು. ಅಣ್ಣ ಇಲ್ಲ ಅಂತ ತಲೆಯಾಡಿಸಿದ. ಬಿಡುವಾಗ? ಇಲ್ಲ. ಟಿಕ್ ಅನ್ನೋದು? ಇಲ್ಲ. ಆದರೂ ಕೋಲು ಬಿಡಲಿಲ್ಲ. ಇಳಿಜಾರಿನ ಕೊನೆಗೆ ಗಾಡಿ ನಿಂತ ಮೇಲೂ ಕಚ್ಚಿಕೊಂಡೇ ಮಲಗಿದ್ದ. ಆಮೇಲೆ ತೆಗೆದು ಉಗುಳು ನುಂಗಿ ಕೇಳಿದ.

"ನಿನಗೆ ಇಷ್ಟೆಲ್ಲ ಕೇಳಿಸ್ತಿತ್ತಾ?"

ಅಣ್ಣ ಮಾತಾಡಿದ್ದು ತಮ್ಮನ ಎಡಗಡೆಯಿಂದ. ಅರ್ಧ ಮಾತು ತುಟಿ ನೋಡಿ ಗೊತ್ತಾಗಿ, ಅವನು ಕೋಲನ್ನು ಇಸಿದುಕೊಂಡು ಅಂಗಿಗೆ ಒರೆಸಿದ.

ಶೆಡ್ಡಿನ ಮುಂದೆ ಜೀಪು ಬಂದು ನಿಂತಾಗ ಅದು ಬಂದದ್ದೇ ಧಣಿಗೆ ಗೊತ್ತಾಗಲಿಲ್ಲ, ಅಷ್ಟು ಸುಮ್ಮನೆ ಬಂತು. ಹೊತ್ತು ಇನ್ನೂ ಮುಳುಗಿರಲಿಲ್ಲ. ಭಾವ ಇಳಿದು ಬಂದು, ಒಳ್ಳೆಯ ಕೈಯಲ್ಲಿ ಕೀಲಿಕೈ ತೆಗೆದು ಧಣಿಯ ಕಾಲ ಮುಂದೆ, ನೆಲದ ಗುಂಡಿಯಲ್ಲಿ ನಿಂತಿದ್ದ ಕೊಳೆ ಎಣ್ಣೆಗೆ ಹಾಕಿದ.

"ಸದ್ದು ಹೋಯ್ತು ಧಣಿ. ನಾನೂ ಹೋದೆ."

ತಂಗಿ ಜೀಪಿನಿಂದ ಇಳಿದು ಗಂಡನ ಜೊತೆ ನಡೆದಳು. ಯಾವ ಅಣ್ಣನಿಗೂ ಹೋಗಿ ಬರುತ್ತೇನೆ ಅನ್ನಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ. ಚಪ್ಪಟೆಯಾದ ಬೆರಳೂ ಅಷ್ಟೇ.

ಧಣಿ ಎಣ್ಣೆಯಲ್ಲಿ ಕೈಯದ್ದಿ ಕೀಲಿಕೈ ಹುಡುಕಿದ. ಅವನಿಗಾಗಲಿ ಗೂಳಿಗಾಗಲಿ ಆ ಜೀಪು ಓಡಿಸಿ ಗೊತ್ತಿರಲಿಲ್ಲ. ಅದರ ಗೇರು ಹಾಕುವುದಕ್ಕೆ ಎರಡೆರಡು ಸಲ ಕ್ಲಚ್ಚು ತುಳಿಯಬೇಕು, ಒಂದನೇ ಗೇರನ್ನು ಮಂಡಿಯಲ್ಲಿ ಒತ್ತಿ ಹಿಡಿಯಬೇಕು. ಗೂಳಿ ಕುಂಟುತ್ತಾ ಹತ್ತಿ ಸ್ಟೇರಿಂಗಿಗೆ ಕೂತ, ಧಣಿ ಅವನ ಪಕ್ಕಕ್ಕೆ. ಜೀಪು ಎರಡು ಸಲ ಕಪ್ಪೆಯ ಹಾಗೆ ಹಾರಿ, ಮೂರನೇ ಸಲ ದೀಪದ ಕಂಬಕ್ಕೆ ಹೋಗಿ ಗುದ್ದಿತು. ಧಣಿ ಮುಂದಿನ ಗಾಜಿಗೆ ಹಣೆ ಕೊಟ್ಟ. ಗೂಳಿ ಹಟ ಬಿಡದೆ ಮತ್ತೆ ಗೇರು ತುರುಕಿದ.

ಶೆಡ್ಡಿನೊಳಗೆ ಅಣ್ಣ ತಮ್ಮ ಬಿದ್ದ ತಗಡಿನ ಆಚೆ ಈಚೆ ಕೂತು, ಒಂದೇ ಬಕೆಟ್ಟಿನ ನೀರಿನಲ್ಲಿ ಮುಖ ತೊಳೆಯುತ್ತಿದ್ದರು. ತಮ್ಮನಿಗೆ ಹೊರಗಿನದು ಕೇಳಿಸಲಿಲ್ಲ. ಅಣ್ಣನ ಮುಖ ಕಿವುಚಿದ್ದು ಮಾತ್ರ ಕಂಡಿತು. ಏನಾಯ್ತು ಅಂತ ಹುಬ್ಬೆತ್ತಿದ.

"ಒಂದನೇ ಗೇರು ಪುಡಿಯಾಯ್ತು," ಅಂದ ಅಣ್ಣ, ಈ ಸಲ ಬಲಗಡೆಗೆ ಸರಿದು.

ತಮ್ಮ ನಕ್ಕ. ನಕ್ಕದ್ದಕ್ಕೆ ಬಾಯಿಯ ರಕ್ತ ಮತ್ತೆ ಒಸರಿತು. ಹಾಗಾದರೆ ವಾರದೊಳಗೆ ಎತ್ತಿಕೊಂಡು ಬರುತ್ತಾನೆ, ನಿನ್ನ ಕಡೆಗೋ ನನ್ನ ಕಡೆಗೋ ಅಂತ ಕೇಳಿದ. ಅಣ್ಣ ನೆಲದ ಮೇಲೆ ಚೆಲ್ಲಾಡಿದ್ದ ಇಬ್ಬರ ಪಾಲಿನ ಸ್ಪ್ಯಾನರುಗಳನ್ನು ಎಡಗೈಯಲ್ಲಿ ಒಂದೊಂದೇ ಎತ್ತಿ, ಹದಿಮೂರರ ಪಕ್ಕಕ್ಕೆ ಹದಿನಾಲ್ಕು ಇಡುತ್ತಾ ಬಂದ.